ಪಾಪವೂ ದುರ್ಗುಣವೂ

“ಅಯ್ಯೋ ಪಾಪ” ಎಂದು ಮರುಗುವುದಕ್ಕೂ “ಪಾಪ ಮಾಡಿದ” ಎಂದು ದೂರುವುದಕ್ಕೂ ನಮಗೆ ಒಂದೇ ಮಾತು ಸಾಕಾಗಿದೆ. 1831ರಲ್ಲಿ ಜಾನ್ ಹ್ಯಾಂಡ್ಸ್ ಮೊದಲಾದವರು ಚಿತ್ರದುರ್ಗದ ನೆರೆಯ ಬಳ್ಳಾರಿಯಲ್ಲಿ ಪೂರ್ಣ ಬೈಬಲನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದರು. ಕನ್ನಡ ಬೈಬಲಿನಲ್ಲಿ “ಪಾಪ” ಎಂದು ಓದುವ ಕಡೆ ಮೂಲ ಗ್ರೀಕಿನಲ್ಲಿರುವ ಮಾತಿಗೆ “ಗುರಿ ತಪ್ಪುವುದು” ಎಂಬ ಅರ್ಥವುಂಟು.

ಪಾಪವೆಂದರೆ ಮಾಡಿದ ಕೆಲಸ. ದುರ್ಗುಣವೆಂದರೆ ಆ ಕೆಲಸದಿಂದ ಬೆಳೆದ ಅಭ್ಯಾಸ. ಜೋಗಿಮಟ್ಟಿಯಂಥ ಗುಡ್ಡದ ಇಳಿಜಾರಿನಲ್ಲಿ ಒಬ್ಬನು ಒಮ್ಮೆ ನಡೆದರೆ ಹುಲ್ಲು ಬಾಗಿ ಮತ್ತೆ ಏಳುತ್ತದೆ. ದಿನವೂ ನಡೆದರೆ ಕಾಲುದಾರಿ ಬೀಳುತ್ತದೆ. ಆಮೇಲೆ ಕಾಲು ತಾನಾಗಿಯೇ ಅತ್ತ ತಿರುಗುತ್ತದೆ. “ನನ್ನ ಸ್ವಭಾವವೇ ಹಾಗೆ” ಎಂದು ಸಿಡುಕುವ ಯಜಮಾನರು ಇದನ್ನು ಗಮನಿಸಬೇಕು. ಅದು ಹುಟ್ಟುಗುಣವಲ್ಲ, ತುಳಿದು ಮಾಡಿದ ದಾರಿ ಎಂಬುದೇ ಈ ಬೋಧನೆಯ ಅಭಿಪ್ರಾಯ.

ಇವೆರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು? ಗುಣವೇ ಎಂದು ನಾವು ಹೇಳಿಬಿಡುತ್ತೇವೆ. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್ ಹಾಗೆ ಹೇಳಲಿಲ್ಲ. ಕೃತ್ಯವೇ ಕೆಟ್ಟದ್ದು, ಕೃತ್ಯಕ್ಕಿಳಿಯದ ಗುಣಕ್ಕೆ ದಂಡನೆಯಿಲ್ಲ ಎಂದು ಆತ ವಾದಿಸಿದ. ಕೋಪಿಷ್ಠನು ಹಲ್ಲು ಕಚ್ಚಿ ಸುಮ್ಮನಿದ್ದ ದಿನ ಅವನ ಲೆಕ್ಕದಲ್ಲಿ ಸಾಲವೇನೂ ಬೀಳದು.

ಸಪ್ತ ಮೂಲದುರ್ಗುಣಗಳ ಪಟ್ಟಿ ಪ್ರಸಿದ್ಧವಾದದ್ದು. ನಮ್ಮ ಅರಿಷಡ್ವರ್ಗದ ಕಾಮ, ಕ್ರೋಧ, ಲೋಭ, ಮದ, ಮತ್ಸರಗಳು ಅಲ್ಲಿಯೂ ಇವೆ. ಮೋಹವೊಂದಿಲ್ಲ; ಹೊಟ್ಟೆಬಾಕತನ ಮತ್ತು ಆಲಸ್ಯ ಸೇರಿವೆ. ಆಲಸ್ಯವನ್ನು ಕಂಡು ನಗಬೇಡಿ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸಿಗಿದ್ದ ಇವಾಗ್ರಿಯಸ್ ಎಂಬ ಸನ್ಯಾಸಿ ಇದನ್ನು ಮಧ್ಯಾಹ್ನದ ಪಿಶಾಚಿ ಎಂದು ವರ್ಣಿಸಿದ್ದಾನೆ. ಸೂರ್ಯ ನಿಂತಲ್ಲೇ ನಿಂತಂತೆ ತೋರುತ್ತಾನೆ. ಸನ್ಯಾಸಿ ಮತ್ತೆ ಮತ್ತೆ ಕಿಟಕಿಯತ್ತ ನೋಡುತ್ತಾನೆ. ಇರುವ ಜಾಗ ಬೇಸರ, ಮಾಡುವ ಕೆಲಸ ಬೇಸರ, ಜೊತೆಯವರಲ್ಲಿ ಪ್ರೀತಿಯಿಲ್ಲವೆಂಬ ಗುಮಾನಿ, ಬೇರೆ ಊರಿಗೆ ಹೋದರೆ ಎಲ್ಲವೂ ಸರಿಹೋದೀತೆಂಬ ಆಸೆ. ಇದು ಮೈಗಳ್ಳತನವಲ್ಲ, ಮನಸ್ಸು ಒಳಿತಿನಲ್ಲಿ ರುಚಿ ಕಳೆದುಕೊಳ್ಳುವುದು. ಇರುವ ಜಾಗವನ್ನು ಬಿಟ್ಟು ಏಳಬಾರದು ಎಂಬುದೇ ಅವನು ಹೇಳಿದ ಮದ್ದು.

ಹಾಗಾದರೆ ಪಾಪನಿವೇದನೆ ಮಾಡಿಕೊಂಡು ಬಂದವನು ಮರುವಾರವೇ ಕುಡಿದು ಮನೆಗೆ ಬಂದರೆ ಅವನು ಕಪಟಿಯೇ? ಹೆಂಡತಿಗೆ ಹಾಗೆ ತೋರುವುದು ಸಹಜ. ಕ್ಷಮೆ ಪಾಪಕ್ಕೆ ದೊರೆತಿರುತ್ತದೆ. ಚಟ ಮಾತ್ರ ಮೈಯಲ್ಲೇ ಉಳಿದಿರುತ್ತದೆ. ಬೇರೂರಿದ ಅಭ್ಯಾಸ ಹೊಣೆಯನ್ನು ತಗ್ಗಿಸಬಹುದೆಂದು ಕಥೋಲಿಕ ಸಭೆಯ 1992ರ ಧರ್ಮೋಪದೇಶ ಗ್ರಂಥವೂ ಒಪ್ಪುತ್ತದೆ. ಆದರೆ ಹಳೆಯ ದಾರಿಯಲ್ಲಿ ಹುಲ್ಲು ಬೆಳೆಯಬೇಕಾದರೆ ಅಲ್ಲಿ ನಡೆಯುವುದು ನಿಲ್ಲಬೇಕು, ಅದಕ್ಕೆ ಒಂದೆರಡು ಮಳೆಗಾಲವಾದರೂ ಬೇಕು.