ಧೂಳಿನ ಗೋಡೆಗೆ ಹೆದರಿ ಹಿತ್ತಲ ಮಣ್ಣನ್ನು ಮರೆತೆವು

ಮಗಳ ಬಾಣಂತನಕ್ಕೆಂದು ಅಮೆರಿಕದ ಅರಿಜೋನಾಕ್ಕೆ ಹೋದ ವರ್ಷ ನಾವು ಮೊದಲ ಸಲ ಹಬೂಬ್ ಎಂಬ ಧೂಳಿನ ಬಿರುಗಾಳಿ ಕಂಡೆವು. ಸಂಜೆ ಹೊತ್ತಿಗೆ ಕಂದು ಗೋಡೆಯೊಂದು ಎದ್ದು ಬಂತು. ನೋಡನೋಡುತ್ತಿದ್ದಂತೆ ಎದುರುಮನೆ ಮಾಯವಾಯಿತು. ಬಾಗಿಲು ಕಿಟಕಿ ಹಾಕಿದ್ದರೂ ಮರುದಿನ ಕಿಟಕಿಯ ಸಂದಿನಲ್ಲಿ ರಾಗಿಹಿಟ್ಟಿನಷ್ಟು ನಯವಾದ ಧೂಳು. ಅದನ್ನು ಒರೆಸಿ, ಗಂಡಾಂತರ ಕಳೆಯಿತೆಂದುಕೊಂಡೆವು. ಅದೇ ವಾರ ಕರಿಬೇವಿನ ಗಿಡ ನೆಡಲು ಹಿತ್ತಲ ಒಣನೆಲ ಅಗೆದೆವು, ಮೂಗಿಗೆ ಏನೂ ಕಟ್ಟಿಕೊಳ್ಳದೆ. ಆ ಮಣ್ಣಿನಲ್ಲಿರುವ ಕಾಕ್ಸಿಡಿಯಾಯ್ಡಿಸ್ ಎಂಬ ಶಿಲೀಂಧ್ರ, ಅದು ತರುವ ವ್ಯಾಲಿ ಫೀವರ್ ಎಂಬ ಜ್ವರ, ಎರಡರ ಬಗ್ಗೆಯೂ ನಾವು ನಂಬಿದ್ದರಲ್ಲಿ ಹೆಚ್ಚಿನದು ತಪ್ಪು.

ತಪ್ಪು ಕಲ್ಪನೆ: ದೊಡ್ಡ ಬಿರುಗಾಳಿ ಎದ್ದಾಗ ಮಾತ್ರ ಅಪಾಯ, ಆಕಾಶ ತಿಳಿಯಾಗಿದ್ದರೆ ಭಯವಿಲ್ಲ.

ವಾಸ್ತವ: ಬಿರುಗಾಳಿಯನ್ನು ದೂರಲು ಕಾರಣವಿದೆ. 1977ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಕರ್ನ್ ಕೌಂಟಿಯ ಮಣ್ಣನ್ನು ಗಾಳಿ ನಾನೂರು ಕಿಲೋಮೀಟರ್‌ಗೂ ದೂರದ ಸ್ಯಾಕ್ರಮೆಂಟೊವರೆಗೆ ಹೊತ್ತೊಯ್ದಿತು. ಈ ಜ್ವರ ಅಪರೂಪವಾಗಿದ್ದ ಊರುಗಳಲ್ಲಿ ನೂರಾರು ಜನ ಹಾಸಿಗೆ ಹಿಡಿದರು. ಆದರೆ ಪ್ರತಿ ಬಿರುಗಾಳಿಯೂ ಹೀಗಲ್ಲ. ಧೂಳಿನ ಬಿರುಗಾಳಿಗಳನ್ನೂ ರೋಗಿಗಳ ಲೆಕ್ಕವನ್ನೂ ಅಕ್ಕಪಕ್ಕ ಇಟ್ಟು ನೋಡಿದ 2021ರ ಅಧ್ಯಯನವೊಂದಕ್ಕೆ ಎರಡರ ನಡುವೆ ಖಚಿತವಾದ ನಂಟು ಸಿಗಲಿಲ್ಲ. ನಂಟಿದೆ ಎನ್ನುವ ಅಧ್ಯಯನಗಳೂ ಇವೆ. ತಜ್ಞರ ವಾದ ಇನ್ನೂ ಮುಗಿದಿಲ್ಲ.

ವಾದವೇ ಇಲ್ಲದ ಸಂಗತಿ ಬೇರೆಯದು. 1994ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದಲ್ಲೇ ನಾರ್ತ್‌ರಿಜ್ ಭೂಕಂಪವಾದಾಗ ಬಿರುಗಾಳಿ ಬೀಸಿರಲಿಲ್ಲ. ಗುಡ್ಡ ಕುಸಿದು ಎದ್ದ ಧೂಳು ಸಾಕಾಯಿತು. ವೆಂಚುರಾ ಕೌಂಟಿಯಲ್ಲಿ 203 ಜನರಿಗೆ ಜ್ವರ ಬಂತು, ಮೂವರು ತೀರಿಕೊಂಡರು. ಮಣ್ಣು ಕದಡಿದಲ್ಲೆಲ್ಲ ಈ ಶಿಲೀಂಧ್ರದ ಬೀಜಾಣು ಏಳಬಹುದು: ಪಾಯ ತೋಡಿದಾಗ, ಹೊಲ ಉತ್ತಾಗ, ಹಿತ್ತಲು ಅಗೆದಾಗ. ತಲೆಗೂದಲಿನ ದಪ್ಪದ ಹತ್ತರಲ್ಲೊಂದು ಪಾಲೂ ಇಲ್ಲದ ಬೀಜಾಣು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ.

ತಪ್ಪು ಕಲ್ಪನೆ: ಬೂಷ್ಟು ಬೆಳೆಯುವುದು ತೇವ ಇರುವಲ್ಲಿ, 45 ಡಿಗ್ರಿ ಬಿಸಿಲಿನ ಮರುಭೂಮಿಯಲ್ಲಿ ಎಲ್ಲ ಸುಟ್ಟುಹೋಗುತ್ತದೆ.

ವಾಸ್ತವ: ಮಳೆಗಾಲದ ಬಟ್ಟೆ, ಉಪ್ಪಿನಕಾಯಿ ಜಾಡಿ ನೋಡಿ ಬೆಳೆದ ನಮಗೆ ಹೀಗನ್ನಿಸುವುದು ಸಹಜ. ಈ ಶಿಲೀಂಧ್ರಕ್ಕೂ ತೇವ ಬೇಕು, ಆದರೆ ಸ್ವಲ್ಪ ಕಾಲ ಮಾತ್ರ. ಮಳೆ ಬಿದ್ದಾಗ ಮಣ್ಣಿನೊಳಗೆ ಎಳೆ ಎಳೆಯಾಗಿ ಹಬ್ಬುತ್ತದೆ. ನೆಲ ಒಣಗಿದಾಗ ಆ ಎಳೆಗಳು ತುಂಡು ತುಂಡಾಗಿ ಬೀಜಾಣುಗಳಾಗುತ್ತವೆ. ಬಿಸಿಲು ಅದನ್ನು ಮುಗಿಸುವುದಿಲ್ಲ, ಹಾರಲು ಸಿದ್ಧಗೊಳಿಸುತ್ತದೆ. ಒಳ್ಳೆಯ ಮಳೆಯ ಹಿಂದೆ ಬರುವ ಒಣ ತಿಂಗಳುಗಳೇ ಹೆಚ್ಚು ಕಷ್ಟದವು.

ತಪ್ಪು ಕಲ್ಪನೆ: ಇದು ಅಂಟುರೋಗ, ಜ್ವರ ಬಂದವರ ತಟ್ಟೆ ಲೋಟ ಬೇರೆ ಇಡಬೇಕು, ಮಗುವನ್ನು ಹತ್ತಿರ ಬಿಡಬಾರದು.

ವಾಸ್ತವ: ಬೇಡ. ಶ್ವಾಸಕೋಶ ಹೊಕ್ಕ ಬೀಜಾಣು ರೂಪ ಬದಲಿಸಿ, ಒಳಗೆ ನೂರಾರು ಮರಿಕಣಗಳನ್ನು ತುಂಬಿಕೊಂಡ ದುಂಡು ಚೀಲವಾಗುತ್ತದೆ. ಆ ರೂಪದಲ್ಲಿ ಅದು ಕೆಮ್ಮಿನ ಮೂಲಕ ಇನ್ನೊಬ್ಬರಿಗೆ ದಾಟುವುದಿಲ್ಲ. ಒಂದೇ ಮನೆಯ ಇಬ್ಬರಿಗೆ ಬಂದರೆ ಇಬ್ಬರೂ ಉಸಿರಾಡಿದ್ದು ಒಂದೇ ಧೂಳು, ಅಷ್ಟೆ. ನಿಜವಾಗಿ ಜೋಪಾನ ಮಾಡಬೇಕಾದದ್ದು ತುಂಬು ಗರ್ಭಿಣಿಯರನ್ನು, ಸಕ್ಕರೆ ಕಾಯಿಲೆಯವರನ್ನು, ರೋಗನಿರೋಧಕ ಶಕ್ತಿ ಕುಂದಿದವರನ್ನು. ಅವರಿಗೆ ಈ ಸೋಂಕು ತೀವ್ರವಾಗಬಹುದು. ಜೋಪಾನ ಮಾಡಬೇಕಾದದ್ದು ಧೂಳಿನಿಂದ, ಮನೆಯವರಿಂದಲ್ಲ.

ತಪ್ಪು ಕಲ್ಪನೆ: ಹೊಸ ಊರಿನ ನೀರು ಹಿಡಿಸದೆ, ಇಲ್ಲವೇ ಯಾರದೋ ದೃಷ್ಟಿ ತಾಗಿ ಜ್ವರ ಬಂದಿದೆ.

ವಾಸ್ತವ: ಹೀಗೆ ಹೇಳುವ ಹಿರಿಯರ ಮೇಲೆ ಸಿಟ್ಟಾಗುವ ಹಾಗಿಲ್ಲ. ಚೆನ್ನಾಗಿದ್ದವರು ಹೋದ ಎರಡು ಮೂರು ವಾರಕ್ಕೆ ಏಕಾಏಕಿ ಮಲಗುವುದನ್ನು ಅವರು ಕಂಡಿದ್ದಾರೆ. ಅವರು ಕಂಡದ್ದು ಸರಿ, ಕೊಟ್ಟ ಕಾರಣ ತಪ್ಪು. ಬೀಜಾಣು ಒಳಹೋದ ಒಂದರಿಂದ ಮೂರು ವಾರದಲ್ಲಿ ಜ್ವರ, ಕೆಮ್ಮು, ಕೀಲುನೋವು ಶುರುವಾಗುತ್ತವೆ. ಕೆಲವರ ಮೊಣಕಾಲ ಕೆಳಗೆ, ಮುಟ್ಟಿದರೆ ನೋಯುವ ಕೆಂಪು ಗಂಟುಗಳು ಏಳುತ್ತವೆ. ಸುಸ್ತು ತಿಂಗಳುಗಟ್ಟಲೆ ಬಿಡದಿರಬಹುದು. ದೃಷ್ಟಿ ತೆಗೆದರೆ ತಪ್ಪಿಲ್ಲ, ರಕ್ತಪರೀಕ್ಷೆ ತಡವಾದರೆ ತಪ್ಪು.

ತಪ್ಪು ಕಲ್ಪನೆ: ನ್ಯುಮೋನಿಯಾ ತಾನೆ, ಒಂದು ಕೋರ್ಸ್ ಆಂಟಿಬಯಾಟಿಕ್ ತೆಗೆದುಕೊಂಡರೆ ಹೋಗುತ್ತದೆ.

ವಾಸ್ತವ: ಆಂಟಿಬಯಾಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾದ ಮೇಲೆ, ಶಿಲೀಂಧ್ರಕ್ಕೆ ಅದು ತಟ್ಟುವುದೇ ಇಲ್ಲ. ಸೋಂಕು ತಗುಲಿದ ನೂರರಲ್ಲಿ ಸುಮಾರು 60 ಮಂದಿಗೆ ಏನೂ ಗೊತ್ತಾಗುವುದಿಲ್ಲ. ಉಳಿದವರಲ್ಲೂ ಹೆಚ್ಚಿನವರು ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಆಗ ಹೆಸರು ಬರುವುದು ನುಂಗಿದ ಮಾತ್ರೆಗೆ. ಆದರೆ ಸುಮಾರು ನೂರಕ್ಕೆ ಒಬ್ಬರಲ್ಲಿ ಇದು ಮೂಳೆ, ಚರ್ಮ, ಮಿದುಳಿನ ಪೊರೆಗೂ ಹರಡುತ್ತದೆ. ಅಂಥವರಿಗೆ ಫ್ಲುಕೋನಜೋಲ್‌ನಂಥ ಶಿಲೀಂಧ್ರನಾಶಕ ಬೇಕು, ಕೆಲವರಿಗೆ ಜೀವಮಾನವಿಡೀ.

ತಪ್ಪು ಕಲ್ಪನೆ: ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಂಡರೆ ಸಾಕು.

ವಾಸ್ತವ: ಸಾಲದು. ಇಷ್ಟು ಸಣ್ಣ ಕಣಕ್ಕೆ ಬಟ್ಟೆಯ ನೇಯ್ಗೆ ಹೆಬ್ಬಾಗಿಲು. ಮುಖಕ್ಕೆ ಸರಿಯಾಗಿ ಕೂರುವ ಎನ್-95 ಮಾಸ್ಕ್ ಬೇಕು. ನೆಲ ಅಗೆಯುವ ಮೊದಲು ನೀರು ಚಿಮುಕಿಸಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಕ್ಯಾಲಿಫೋರ್ನಿಯಾದ ವಾಯುನೆಲೆಗಳಲ್ಲಿ ಹುಲ್ಲು ಬೆಳೆಸಿ ಧೂಳಡಗಿಸಿದಾಗ ಸೈನಿಕರಲ್ಲಿ ಸೋಂಕು ಇಳಿದದ್ದು ದಾಖಲೆಯಲ್ಲಿದೆ.

ಇನ್ನೊಂದು ಮಾತು, ಅಲ್ಲಿಂದ ಮರಳಿ ಬಂದವರಿಗೆ. ನಮ್ಮೂರಿನಲ್ಲಿ ಎದೆಯ ಎಕ್ಸ್-ರೇಯಲ್ಲಿ ಮಚ್ಚೆ ಕಂಡರೆ ಡಾಕ್ಟರ್ ಮೊದಲು ಯೋಚಿಸುವುದು ಕ್ಷಯದ ಬಗ್ಗೆ, ಅದು ಸಹಜ. ನೀವಾಗಿ ಹೇಳದಿದ್ದರೆ ವ್ಯಾಲಿ ಫೀವರ್ ಅವರ ನೆನಪಿಗೆ ಬರುವುದು ಕಷ್ಟ. ಕೆಮ್ಮು ಜ್ವರ ಬಿಡದಿದ್ದರೆ ಅರಿಜೋನಾಕ್ಕೋ ಕ್ಯಾಲಿಫೋರ್ನಿಯಾಕ್ಕೋ ಹೋಗಿಬಂದದ್ದನ್ನು, ಅಲ್ಲಿ ಮಣ್ಣು ಮುಟ್ಟಿದ್ದನ್ನು, ಅವರು ಕೇಳುವ ಮೊದಲೇ ಹೇಳಿಬಿಡಿ.