ಮುಂಗುಸಿ ತಿನ್ನದ ಬೇರು

ಉಪ್ಪಿನಂಗಡಿಯ ಆಸುಪಾಸಿನ ಅಡಿಕೆ ತೋಟಗಳಲ್ಲಿ ಬೆಳೆದವರಿಗೆ ಈ ಮಾತು ಹೊಸತಲ್ಲ: ಹಾವಿನಿಂದ ಕಚ್ಚಿಸಿಕೊಂಡ ಮುಂಗುಸಿ ಪೊದೆಯೊಳಗೆ ಓಡಿ ಯಾವುದೋ ಬೇರನ್ನು ಅಗಿದು ಬರುತ್ತದಂತೆ, ವಿಷ ಇಳಿಯುತ್ತದಂತೆ. ಯಾವ ಬೇರು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ನಿಜವಾಗಿ ಮುಂಗುಸಿಗೆ ಬೇರಿನ ಹಂಗಿಲ್ಲ. ಅದರ ಮದ್ದು ಮೈಯಲ್ಲೇ ಇದೆ.

ನಾಗರಹಾವಿನ ವಿಷವು ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ. ಸಂದೇಶವನ್ನು ಹಿಡಿದುಕೊಳ್ಳುವ ಗ್ರಾಹಕಗಳು ಸ್ನಾಯುವಿನ ಮೇಲಿರುತ್ತವೆ. ವಿಷ ಅವುಗಳಿಗೇ ಅಂಟಿಕೊಳ್ಳುತ್ತದೆ. ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟವೇ ನಿಲ್ಲುತ್ತದೆ. ಮುಂಗುಸಿಯ ಗ್ರಾಹಕದ ರಚನೆ ತುಸು ಬೇರೆ. ವಿಷ ಅಲ್ಲಿ ಸರಿಯಾಗಿ ಅಂಟುವುದಿಲ್ಲ. ಇದು ಅಭ್ಯಾಸದಿಂದ ಬಂದದ್ದಲ್ಲ. ಆಕಸ್ಮಿಕವಾಗಿ ಈ ವ್ಯತ್ಯಾಸದೊಂದಿಗೆ ಹುಟ್ಟಿದವು ಹೆಚ್ಚು ಬದುಕಿದವು, ಮರಿ ಹಾಕಿದವು. ಡಾರ್ವಿನ್ 1859ರಲ್ಲಿ ವಿವರಿಸಿದ ನಿಸರ್ಗದ ಆಯ್ಕೆ ಎಂದರೆ ಇದೇ. ಹಂದಿಯ ವಂಶದಲ್ಲೂ ಇಂಥದೊಂದು ರಕ್ಷಣೆ ಪ್ರತ್ಯೇಕವಾಗಿ ಬಂದಿದೆ. ಮನುಷ್ಯನಿಗೆ ಮಾತ್ರ ಆ ಭಾಗ್ಯವಿಲ್ಲ!

ಹಾವಿನ ವಿಷವೂ ಹೀಗೆಯೇ ರೂಪುಗೊಂಡದ್ದು. ನಾಗರ ಮತ್ತು ಕಟ್ಟುಹಾವುಗಳ ವಿಷದಲ್ಲಿರುವ ಒಂದು ಕಿಣ್ವ ನಮ್ಮ ಮೇದೋಜೀರಕ ಗ್ರಂಥಿಯ ಕಿಣ್ವಕ್ಕೆ ದೂರದ ನೆಂಟ. ಮೈಯೊಳಗಿನ ಸಾಮಾನ್ಯ ಪ್ರೋಟೀನುಗಳೇ ಲಕ್ಷಾಂತರ ವರ್ಷಗಳಲ್ಲಿ ಬದಲಾಗುತ್ತ ಬೇಟೆಯ ಆಯುಧವಾದವು. ಎಲ್ಲಿ ಯಾವ ಬೇಟೆ ಸಿಗುತ್ತದೋ ಅದಕ್ಕೆ ತಕ್ಕಂತೆ ವಿಷವೂ ಬೇರೆಯಾಗಬಹುದು. ಆದ್ದರಿಂದ ಒಂದೇ ಜಾತಿಯ ನಾಗರಹಾವಾದರೂ ಊರಿಂದೂರಿಗೆ ವಿಷದ ಮಿಶ್ರಣ ಬೇರೆ.

ನಮ್ಮ ಆರೋಗ್ಯಕ್ಕೆ ಇದರಿಂದೇನು? ಬಹಳ ಇದೆ. ಸ್ವಲ್ಪ ಸ್ವಲ್ಪವೇ ವಿಷವನ್ನು ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳಿಂದ ಪ್ರತಿವಿಷವನ್ನು ತಯಾರಿಸುತ್ತಾರೆ. ನಮ್ಮ ದೇಶದ ಪ್ರತಿವಿಷ ನಾಲ್ಕು ಹಾವುಗಳಿಗಾಗಿ ಮಾಡಿದ್ದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಅದಕ್ಕೆ ಬೇಕಾದ ವಿಷದ ಬಹುಪಾಲು ಬಂದದ್ದು 1978ರಲ್ಲಿ ಆರಂಭವಾದ ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ. ಅಲ್ಲಿನ ಹಾವಿಗೆ ಹೊಂದುವ ಮದ್ದು ಬೇರೆಡೆಯ ಹಾವಿಗೆ ಅಷ್ಟೇ ಹೊಂದಬೇಕೆಂದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇತ್ತೀಚಿನ ವರ್ಷಗಳಲ್ಲಿ ಇದನ್ನೇ ತೋರಿಸಿದ್ದಾರೆ.

ನಮ್ಮ ಘಟ್ಟದ ತಪ್ಪಲಿನಲ್ಲಿ ಇನ್ನೊಂದು ತೊಡಕಿದೆ. ಮೂತಿ ಮೇಲಕ್ಕೆ ಬಾಗಿದ, ಒಣ ತರಗೆಲೆಯ ಬಣ್ಣದ ಒಂದು ಪುಟ್ಟ ಮಂಡಲದ ಹಾವು ತೋಟದ ಸೊಪ್ಪಿನಡಿ ಸುರುಳಿ ಸುತ್ತಿ ಮಲಗಿರುತ್ತದೆ. ಬಿದ್ದ ಹಾಳೆ ಹೆಕ್ಕುವ ಕೈಗೆ ಅದು ಕಾಣುವುದೇ ಇಲ್ಲ. ಇದು ಕಚ್ಚಿದರೆ ಕೆಲವರಲ್ಲಿ ರಕ್ತ ಹೆಪ್ಪುಗಟ್ಟುವುದಿಲ್ಲ, ಮೂತ್ರಪಿಂಡ ಕೆಡುತ್ತದೆ. ಆ ನಾಲ್ಕು ಹಾವುಗಳ ಪ್ರತಿವಿಷ ಇದಕ್ಕೆ ನಾಟುವುದಿಲ್ಲ. ಅಂಥ ರೋಗಿಗೆ ಬೇಕಾದದ್ದು ಎಚ್ಚರದ ಶುಶ್ರೂಷೆ, ಅಗತ್ಯಬಿದ್ದರೆ ಡಯಾಲಿಸಿಸ್. ಹಾವನ್ನು ಹುಡುಕಿ ಕೊಲ್ಲಬೇಡಿ. ದೂರದಿಂದ ಒಂದು ಫೋಟೊ ಸಿಕ್ಕರೆ ವೈದ್ಯರಿಗೆ ನೆರವಾದೀತು, ಅಷ್ಟೆ.

ಯಾವ ಹಾವೆಂದು ತಿಳಿಯದಿದ್ದರೂ ಚಿಂತೆಯಿಲ್ಲ. ಸ್ವಲ್ಪ ರಕ್ತವನ್ನು ಶುದ್ಧವಾದ ಗಾಜಿನ ನಳಿಗೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ಹೆಪ್ಪುಗಟ್ಟಿತೇ ಎಂದು ವೈದ್ಯರು ನೋಡುತ್ತಾರೆ. ಚಿಕಿತ್ಸೆಯ ನಿರ್ಧಾರಕ್ಕೆ ಈ ಸರಳ ಪರೀಕ್ಷೆ ಬಹಳ ಸಹಾಯಕ. ಕರ್ನಾಟಕದಲ್ಲಿ ಹಾವು ಕಡಿತದ ಪ್ರಕರಣಗಳನ್ನು ಸರಕಾರಕ್ಕೆ ವರದಿ ಮಾಡುವುದು 2024ರಿಂದ ಕಡ್ಡಾಯವಾಗಿದೆ. ಎಲ್ಲೆಲ್ಲಿ ಎಷ್ಟು ಮಂದಿಗೆ ಕಚ್ಚುತ್ತದೆಂದು ತಿಳಿದರೆ ಆಯಾ ಪ್ರದೇಶಕ್ಕೆ ಬೇಕಾದ ಮದ್ದನ್ನು ಒದಗಿಸಲು ಅನುಕೂಲ.

ಕಚ್ಚಿದ ಜಾಗವನ್ನು ಕೊಯ್ಯಬೇಡಿ, ಚೀಪಬೇಡಿ, ಹಗ್ಗ ಬಿಗಿಯಬೇಡಿ. ಉಂಗುರ, ಬಳೆ, ಕಾಲುಂಗುರಗಳನ್ನು ಕೂಡಲೇ ತೆಗೆಯಿರಿ. ಬಾವು ಬಂದ ಮೇಲೆ ಅವು ಬರುವುದಿಲ್ಲ. ಕೈಯೋ ಕಾಲೋ ಅಲುಗದಂತೆ ಮುರಿದ ಎಲುಬಿಗೆ ಕಟ್ಟುವ ಹಾಗೆ ಒಂದು ಹಲಗೆ ಕಟ್ಟಿ, ರೋಗಿಯನ್ನು ನಡೆಸದೆ 108ಕ್ಕೆ ಫೋನ್ ಮಾಡಿ. ಕಟ್ಟುಹಾವು ರಾತ್ರಿ ಮಲಗಿದವರಿಗೆ ಕಚ್ಚಿದಾಗ ನೋವೂ ಇರುವುದಿಲ್ಲ, ಗುರುತೂ ಕಾಣದಿರಬಹುದು. ಆದ್ದರಿಂದ ಏನೂ ಆಗಿಲ್ಲವೆಂದು ತೋರಿದರೂ 24 ಗಂಟೆ ಆಸ್ಪತ್ರೆಯಲ್ಲೇ ಇರಿ.