ಅಂಗಡಿಯವರ ಅಹವಾಲು ವಿಧಾನಸೌಧ ಮುಟ್ಟುವ ದಾರಿ

2025ರ ಜುಲೈನಲ್ಲಿ ರಾಜ್ಯದ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳ ಗಲ್ಲಾದ ಮುಂದಿನ ಕ್ಯುಆರ್ ಕೋಡ್ ಫಲಕಗಳು ಮಾಯವಾದವು. ಆ ಜಾಗದಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂದು ಕೈಯಲ್ಲಿ ಬರೆದ ಚೀಟಿ ಬಂತು. ವಾಣಿಜ್ಯ ತೆರಿಗೆ ಇಲಾಖೆ 2021–22ರಿಂದ ಈಚಿನ ಯುಪಿಐ ಜಮೆಗಳನ್ನು ಕೂಡಿ ನೋಡಿ, ಸರಕು ಮಾರುವವರಿಗಿರುವ 40 ಲಕ್ಷ ರೂಪಾಯಿ ವಹಿವಾಟಿನ ಮಿತಿ ದಾಟಿದರೂ ಜಿಎಸ್‌ಟಿ ನೋಂದಣಿ ಮಾಡಿಸದವರಿಗೆ ಸಾವಿರಾರು ನೋಟಿಸ್ ಕಳುಹಿಸಿತ್ತು. ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರಿದವರಿಗೂ ನೋಟಿಸ್ ಬಂದಿತ್ತು. ಜುಲೈ 25ಕ್ಕೆ ಬಂದ್ ಎಂದು ಸಣ್ಣ ವರ್ತಕರು ಘೋಷಿಸಿದರು. ಎರಡು ದಿನ ಮೊದಲೇ ಮುಖ್ಯಮಂತ್ರಿ ಸಿದ್ದರಾಮಯ್ಯ ವರ್ತಕರ ಪ್ರತಿನಿಧಿಗಳನ್ನು ಕರೆಸಿ ಮಾತನಾಡಿ, ಹಳೆಯ ಬಾಕಿಗೆ ಒತ್ತಾಯಿಸುವುದಿಲ್ಲ, ಇನ್ನು ಮುಂದೆ ನೋಂದಣಿ ಮಾಡಿಸಿಕೊಳ್ಳಿ ಎಂದರು. ಬಂದ್ ನಿಂತಿತು.

ಸಣ್ಣ ಅಂಗಡಿಯವರಿಗೆ ಇಷ್ಟು ಬೇಗ ಪರಿಹಾರ ಸಿಗುವುದು ಅಪರೂಪ. ಸಿಕ್ಕಿದ್ದು ಒಳ್ಳೆಯದೇ ಆಯಿತು. ಆದರೆ ಬೀಸುವ ದೊಣ್ಣೆ ತಪ್ಪಿದ ಮೇಲೆ ಆ ಒಗ್ಗಟ್ಟು ಎಲ್ಲಿ ಉಳಿಯುತ್ತದೆ ಎಂಬುದನ್ನು ಚಿತ್ರದುರ್ಗದ ಸಂತೆಪೇಟೆ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ವರ್ತಕರು ಕೇಳಿಕೊಳ್ಳಬೇಕು. ಕಿರಾಣಿಯವರದ್ದು ಒಂದು ಸಂಘ, ಜವಳಿಯವರದ್ದು ಒಂದು, ಔಷಧ ವ್ಯಾಪಾರಿಗಳದ್ದು, ಹೋಟೆಲಿನವರದ್ದು, ದಲ್ಲಾಳಿ ಮಂಡಿಯವರದ್ದು ಬೇರೆ ಬೇರೆ. ತೊಂದರೆ ಬಂದಾಗ ಎಲ್ಲರೂ ತಾಲ್ಲೂಕು ಕಚೇರಿಗೆ ಹೋಗಿ ತಹಶೀಲ್ದಾರರ ಕೈಗೆ ಮನವಿ ಕೊಡುತ್ತಾರೆ. ಮರುದಿನ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಮನವಿ ಮಾತ್ರ ತಾಲ್ಲೂಕಿನಿಂದ ಜಿಲ್ಲಾಧಿಕಾರಿಗೆ, ಅಲ್ಲಿಂದ ಇಲಾಖೆಗೆ ಮೆಟ್ಟಿಲು ಹತ್ತುವಷ್ಟರಲ್ಲಿ ಬೆಂಗಳೂರಿನಲ್ಲಿ ಆದೇಶಕ್ಕೆ ಸಹಿ ಬಿದ್ದಿರುತ್ತದೆ.

ವರ್ತಕರ ಮಾತನ್ನು ಆಳುವವರು ಕೇಳಬೇಕೆಂಬ ಏರ್ಪಾಡು ನಮ್ಮಲ್ಲಿ ಹೊಸದಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿಸಿದಾಗ, ತಾಲ್ಲೂಕುಗಳ ಜಮೀನುದಾರರ ಜೊತೆಗೆ ಪ್ರತಿ ಜಿಲ್ಲೆಯ ಮೂರು ನಾಲ್ಕು ಪ್ರಮುಖ ವರ್ತಕರನ್ನೂ ಕರೆಸುವುದೆಂದು ಗೊತ್ತಾಗಿತ್ತು. 1916ರಲ್ಲಿ ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಹುಟ್ಟಿದ ಮೈಸೂರು ಚೇಂಬರ್ ಆಫ್ ಕಾಮರ್ಸ್‌ ಇಂದಿನ ಎಫ್‌ಕೆಸಿಸಿಐ. ಸಣ್ಣ ಕೈಗಾರಿಕೆಗಳಿಗೆ 1949ರಿಂದ ಕಾಸಿಯಾ ಇದೆ. ಬಜೆಟ್‌ಗೆ ಮುಂಚೆ ಮುಖ್ಯಮಂತ್ರಿ ಕರೆಯುವ ಸಭೆಗೆ ಇಂಥ ಸಂಸ್ಥೆಗಳೇ ಹೋಗುತ್ತವೆ. ಹೊಸದುರ್ಗದ ಕೊಬ್ಬರಿ ವ್ಯಾಪಾರಿಯ ಕಷ್ಟ ಅಲ್ಲಿ ಮಾತಿಗೆ ಬರಬೇಕಾದರೆ ಅದು ಮೊದಲು ಜಿಲ್ಲಾ ಸಂಸ್ಥೆಯ ಪಟ್ಟಿಗೆ ಏರಿರಬೇಕು.

ಎಪಿಎಂಸಿ ಶುಲ್ಕದ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 2020ರ ಮೇ ತಿಂಗಳ ಸುಗ್ರೀವಾಜ್ಞೆಯಿಂದ ಯಾರ್ಡ್‌ ಹೊರಗೆ ಕೊಳ್ಳುವವರಿಗೆ ಶುಲ್ಕವೇ ಇಲ್ಲವಾಯಿತು. ಒಳಗೆ ಕೊಳ್ಳುವವರು ನೂರಕ್ಕೆ ಒಂದೂವರೆ ರೂಪಾಯಿ ಕಟ್ಟಬೇಕಿತ್ತು. ಯಾರ್ಡ್‌ ವರ್ತಕರು ರಾಜ್ಯದಾದ್ಯಂತ ವಹಿವಾಟು ನಿಲ್ಲಿಸಿದರು. ಶುಲ್ಕ 35 ಪೈಸೆಗೆ ಇಳಿಯಿತು. ಸಮಿತಿಗಳ ಖರ್ಚಿಗೇ ಸಾಲುವುದಿಲ್ಲವೆಂದು ಸರ್ಕಾರ ಅದನ್ನು ಒಂದು ರೂಪಾಯಿಗೆ ಏರಿಸಿತು. ಮತ್ತೆ ವಿರೋಧ ಬಂದಾಗ 60 ಪೈಸೆಗೆ ತಂದು ನಿಲ್ಲಿಸಿತು. ವರ್ತಕರ ಬೇಡಿಕೆಯಲ್ಲಿ ನ್ಯಾಯವಿತ್ತು: ಗೇಟಿನ ಒಳಗೊಂದು, ಹೊರಗೊಂದು ನಿಯಮವಿದ್ದರೆ ಯಾರು ಒಳಗೆ ಬಂದು ಕೊಳ್ಳುತ್ತಾರೆ? ಆದರೆ ಯಾರ್ಡಿನ ರಸ್ತೆ, ದೀಪ, ಕುಡಿಯುವ ನೀರು, ಹರಾಜು ಕಟ್ಟೆ ನಡೆಯುವುದು ಅದೇ ಶುಲ್ಕದಿಂದ. ಮೂಟೆ ಹೊರುವ ಹಮಾಲರಿಗೂ, ಹಿಂದಿನ ರಾತ್ರಿಯೇ ಶೇಂಗಾ, ಮೆಕ್ಕೆಜೋಳ ತಂದು ಕಾಯುವ ರೈತರಿಗೂ ಸಿಗುವ ಸೌಕರ್ಯ ಆ ಪೈಸೆಗಳಲ್ಲೇ ಇದೆ. ದರ ಗೊತ್ತುಮಾಡುವ ಮಾತುಕತೆಯಲ್ಲಿ ಅವರಿಗೂ ಜಾಗ ಇರಬೇಕು. ಇಲ್ಲದಿದ್ದರೆ ಸಂಘಟಿತರು ಗೆದ್ದದ್ದನ್ನೇ ನೀತಿ ಎಂದು ಒಪ್ಪಿಕೊಳ್ಳಬೇಕಾಗುತ್ತದೆ.

ಅಡಿಕೆಯವರು ಬೇರೆ ದಾರಿ ಹಿಡಿದರು. ಭೀಮಸಮುದ್ರದ ಮಂಡಿಯಲ್ಲಿ, ಹೊಳಲ್ಕೆರೆಯ ತೋಟಗಳಲ್ಲಿ ಎಲ್ಲರ ಕಣ್ಣು ಹೊರದೇಶದ ಅಡಿಕೆಯ ಮೇಲೇ ಇರುತ್ತದೆ. ಆಮದಿನ ಕನಿಷ್ಠ ದರ ಕಿಲೋಗೆ 251 ರೂಪಾಯಿ ಇದ್ದದ್ದು 2023ರ ಫೆಬ್ರುವರಿಯಲ್ಲಿ 351 ಆಯಿತು. ಅದಕ್ಕೆ ಕೆಲವು ತಿಂಗಳ ಹಿಂದೆ ಭೂತಾನದಿಂದ 17,000 ಟನ್ ಹಸಿ ಅಡಿಕೆಗೆ ಅನುಮತಿ ಸಿಕ್ಕಾಗ ಮಲೆನಾಡು, ಕರಾವಳಿ, ಬಯಲುಸೀಮೆ ಒಟ್ಟಿಗೇ ಕಂಗಾಲಾಗಿದ್ದವು. 1973ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಕ್ಯಾಂಪ್ಕೊ ಮತ್ತು ಇತರ ಸಹಕಾರ ಸಂಘಗಳು ಎಕರೆಗೆ ಬೀಳುವ ಖರ್ಚು, ಕಿಲೋಗೆ ಬೀಳುವ ಅಸಲು ಮುಂದಿಟ್ಟು ದೆಹಲಿಯಲ್ಲಿ ವಾದ ಮಾಡಿದವು. ಈ ಕೆಲಸಕ್ಕೆ ಅವು ವರ್ಷಗಟ್ಟಲೆ ಲೆಕ್ಕ ಇಟ್ಟಿದ್ದವು.

ಬಯಲುಸೀಮೆಯ ಗಿರಣಿಗಳಿಗೆ ಈ ಪಾಠ ತುರ್ತಾಗಿ ಬೇಕಾಗಿರುವುದು ವಿದ್ಯುತ್ ದರದಲ್ಲಿ. 2023ರ ಮೇನಲ್ಲಿ ವಿದ್ಯುತ್ ನಿಯಂತ್ರಣ ಆಯೋಗ ಯೂನಿಟ್‌ಗೆ ಸರಾಸರಿ 70 ಪೈಸೆ ಏರಿಸಿ, ಏಪ್ರಿಲ್‌ನಿಂದಲೇ ಅನ್ವಯ ಎಂದಿತು. ಜೂನ್ ಬಿಲ್ ನೋಡಿದ ಉದ್ಯಮಿಗಳು ಬೆಚ್ಚಿಬಿದ್ದರು. ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ ಜೂನ್ 22ಕ್ಕೆ ಬಂದ್ ಕರೆ ಕೊಟ್ಟಿತು. ಶೇ 9ರ ವಿದ್ಯುತ್ ತೆರಿಗೆಯನ್ನು ಶೇ 3ಕ್ಕೆ ಇಳಿಸಿ ಎಂಬ ಒತ್ತಾಯವೂ ಕೇಳಿಬಂತು. ಆದರೆ ಆ ದರದ ಪ್ರಸ್ತಾವ ತಿಂಗಳುಗಳ ಹಿಂದೆಯೇ ಪತ್ರಿಕೆಯಲ್ಲಿ ಪ್ರಕಟವಾಗಿ, ಆಕ್ಷೇಪಣೆಗೆ ಅವಕಾಶವಿತ್ತು. ಯಾವ ಗ್ರಾಹಕರಾದರೂ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು, ವಿಚಾರಣೆಯಲ್ಲಿ ಮಾತನಾಡಬಹುದು. ಕಾನೂನೇ ಕೊಟ್ಟ ಹಕ್ಕದು. ಹಂಗಾಮು ಮುಗಿದು ಗಿರಣಿ ನಿಂತ ತಿಂಗಳಲ್ಲೂ ನಿಗದಿತ ಶುಲ್ಕ ತಪ್ಪುವುದಿಲ್ಲ. ಹನ್ನೆರಡು ತಿಂಗಳ ಬಿಲ್ಲುಗಳನ್ನು ಜೋಡಿಸಿ, ಓಡಿದ ಯೂನಿಟ್ ಎಷ್ಟು, ಓಡದೆ ಕಟ್ಟಿದ ಹಣ ಎಷ್ಟು ಎಂದು ಇಪ್ಪತ್ತು ಗಿರಣಿಗಳವರು ಒಟ್ಟಾಗಿ ತೋರಿಸಿದರೆ ಆಯೋಗ ಆ ಲೆಕ್ಕಕ್ಕೆ ಉತ್ತರ ಬರೆಯಲೇಬೇಕಾಗುತ್ತದೆ.

ಇದಕ್ಕೆ ಹಣವೂ ಹೆಚ್ಚು ಬೇಡ. ಸಂಘದ ವಾರ್ಷಿಕ ಚಂದಾದಲ್ಲಿ ಒಬ್ಬ ಲೆಕ್ಕಿಗನನ್ನು ವರ್ಷದಲ್ಲಿ ಎರಡು ತಿಂಗಳು ಇಟ್ಟುಕೊಂಡರೂ ಆದೀತು. ದೊಡ್ಡ ಕಾರ್ಖಾನೆಗೆ ಅಂಥವರು ಸಂಬಳದ ಮೇಲೆಯೇ ಇರುತ್ತಾರೆ. ಕಿರಾಣಿ ಅಂಗಡಿಗೆ, ಎಣ್ಣೆ ಗಿರಣಿಗೆ ಸಂಘವೇ ಗತಿ.

ಬೆಸ್ಕಾಂ ಎಂಟು ಜಿಲ್ಲೆಗಳಿಗೆ ವಿದ್ಯುತ್ ಕೊಡುತ್ತದೆ, ದರದ ವಿಚಾರಣೆ ನಡೆಯುವುದು ಬೆಂಗಳೂರಿನಲ್ಲಿ. ಹಿರಿಯೂರಿಗೆ ಇಂದಿಗೂ ರೈಲಿಲ್ಲ; 2011–12ರಲ್ಲಿ ಮಂಜೂರಾದ ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ಮಾರ್ಗವನ್ನು ಈ ಊರು ಕಾಯುತ್ತಲೇ ಇದೆ. ಒಂದು ದಿನದ ವ್ಯಾಪಾರ ಬಿಟ್ಟು ರಾಜಧಾನಿಗೆ ಹೋಗಿ ಬರಲು ಸಣ್ಣ ಗಿರಣಿಯವರಿಗೆ ಆಗುವುದಿಲ್ಲ. ಆಯೋಗ ವರ್ಷಕ್ಕೊಮ್ಮೆ ಚಿತ್ರದುರ್ಗದಲ್ಲೂ ಕುಳಿತು ಅಹವಾಲು ಕೇಳಲಿ ಎಂದು ನಾಲ್ಕೂ ತಾಲ್ಲೂಕಿನ ಸಂಘಗಳು ಒಂದೇ ಪತ್ರಕ್ಕೆ ಸಹಿ ಹಾಕಿ, ಮುಂದಿನ ದರ ಪ್ರಸ್ತಾವ ಬರುವ ಮುಂಚೆಯೇ ಕಳುಹಿಸಬೇಕು.